ಕೆಳಗಿನ ಸಾಲು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಿಂದೊಮ್ಮೆ ಬರೆದು ಊರಿಗೆಲ್ಲ ಹಂಚಿದ್ದೇನೆ, ಅಷ್ಟು ಸಾಕು.

ಹೋದ ತಿಂಗಳು ಶಿಕಾಗೋ ಕಡೆಯಿಂದ ಅವರ ಮಗಳು ಫೋನ್ ಮಾಡಿ ಅಪ್ಪ ಹೋದರು ಎಂದಾಗ ನಾನು ಟೈರು ಬದಲಾಯಿಸುವ ಅಂಗಡಿಯಲ್ಲಿ ಕಾಯುತ್ತ ಕೂತಿದ್ದೆ. ಏನು ಹೇಳಬೇಕೋ ತೋಚದೆ, ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅಳುತ್ತಿದ್ದವಳು ನಕ್ಕುಬಿಟ್ಟಳು. ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಹಿಡಿಯಿತು ಎನ್ನುವ ಪ್ರಶ್ನೆ ಆ ಮನೆಯಲ್ಲಿ ಊಟ ಆಯಿತಾ ಎನ್ನುವಷ್ಟೇ ಸಹಜವಾಗಿತ್ತು. ಅವರೆಂಥವರು ಎಂದು ಯಾರಾದರೂ ಕೇಳಿದರೆ ದೊಡ್ಡ ಮನುಷ್ಯರು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಬಹುದು. ಆದರೆ ನಮ್ಮಿಬ್ಬರ ನಡುವೆ ನಡೆದದ್ದೇನು ಎಂದು ಕೇಳಿದರೆ ನನಗಿನ್ನೂ ತಲೆಬುಡ ತಿಳಿದಿಲ್ಲ. ಬರೆಯುತ್ತ ತಿಳಿದೀತೇನೋ ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ಅವರು ಗದಗದವರು. ಮನೆಯಲ್ಲಿ ಉರ್ದು, ಓದಿದ್ದು ಕನ್ನಡ ಶಾಲೆ, ದುಡಿದದ್ದು ಡೆಟ್ರಾಯ್ಟಿನ ದೊಡ್ಡದೊಂದು ಕಾರು ಕಂಪನಿಯಲ್ಲಿ. ಅವರ ಕಸುಬಿಗೆ ಟೈಮ್ ಸ್ಟಡಿ ಎನ್ನುತ್ತಾರೆ. ಅಸೆಂಬ್ಲಿ ಲೈನಿನಲ್ಲಿ ಒಬ್ಬ ಕೆಲಸಗಾರ ಕಾರಿನ ಬಾಗಿಲಿಗೆ ಹಿಡಿಕೆ ಕೂರಿಸುತ್ತಾನೆ ಅನ್ನಿ. ಬಗ್ಗಿ ಬೋಲ್ಟು ಎತ್ತಿಕೊಳ್ಳುವುದಕ್ಕೆ ಎಷ್ಟು ಹೊತ್ತು, ಅದನ್ನು ತೂತಿಗೆ ಹೊಂದಿಸುವುದಕ್ಕೆ ಎಷ್ಟು, ತಿರುಗಿಸುವುದಕ್ಕೆ ಎಷ್ಟು ಎಂದು ಪಕ್ಕದಲ್ಲಿ ನಿಂತು ಬರೆದುಕೊಳ್ಳುವುದು ಇವರ ಕೆಲಸ. ಅದಕ್ಕೆಂದೇ ಒಂದು ಸ್ಟಾಪ್‌ವಾಚ್ ಇತ್ತು. ಅದರಲ್ಲಿ ನಿಮಿಷಕ್ಕೆ ಅರವತ್ತು ಸೆಕೆಂಡ್ ಅಲ್ಲ, ನೂರು ಭಾಗ. ಕೂಡಿ ಕಳೆಯುವುದಕ್ಕೆ ಸುಲಭವಾಗಲಿ ಅಂತ. ಅಂಗಿಯ ಜೇಬಿನಲ್ಲಿ ಪೆನ್ನಿನ ಜೊತೆ ಅದೂ ಸದಾ ಇರುತ್ತಿತ್ತು. ನಮ್ಮ ಮಕ್ಕಳಿಗೆಲ್ಲ ಅವರು ವಾಚ್ ಅಂಕಲ್.

ಒಂದು ಯುಗಾದಿಗೆ ನಮ್ಮ ಕನ್ನಡ ಕೂಟದ ಊಟದ ಸಾಲು ಹಾಲಿನ ಬಾಗಿಲು ದಾಟಿ ಪಾರ್ಕಿಂಗ್ ಲಾಟಿಗೆ ಬಂದಿತ್ತು. ಬಡಿಸುವವರು ಕಮ್ಮಿ ಎಂದು ಒಬ್ಬರು, ಜನ ಜಾಸ್ತಿ ಬಂದರು ಎಂದು ಇನ್ನೊಬ್ಬರು ಗೊಣಗುತ್ತಿದ್ದರು. ಇವರು ಹತ್ತು ನಿಮಿಷ ವಾಚು ಹಿಡಿದು ನಿಂತು, ತೊಂದರೆ ಚಟ್ನಿಯದು ಎಂದರು. ಎಲ್ಲರೂ ಚಟ್ನಿಯ ಮುಂದೆ ನಿಂತು ಕೊಬ್ಬರಿಯದೋ ಕೆಂಪನೆಯದೋ ಎಂದು ಯೋಚಿಸುತ್ತಿದ್ದರಂತೆ. ಎರಡೂ ಚಟ್ನಿಗಳನ್ನು ಎತ್ತಿ ಊಟದ ಮೇಜುಗಳ ಮೇಲೆ ಇಡಿಸಿದರು. ಸಾಲು ಸರಸರ ಕರಗಿಹೋಯಿತು. ಸೆಕ್ರೆಟರಿ ಮೈಕಿನಲ್ಲಿ ಅವರನ್ನು ಹೊಗಳಲು ಶುರು ಮಾಡಿದರೆ ಇವರು ದೂರದಿಂದಲೇ ವಾಚು ಎತ್ತಿ ತೋರಿಸಿ, ಸಾಕು, ಇಳಿಯಿರಿ ಎಂದು ಕೈ ಮಾಡಿದರು.

ಕಸುಬಿನಲ್ಲಿ ಅವರಿಗೆ ಎರಡು ನೇಮಗಳಿದ್ದವು. ಮೊದಲನೆಯದು, ಕದ್ದು ಅಳೆಯಬಾರದು. ಹಿಂದಿನ ಕಾಲದ ಟೈಮ್ ಸ್ಟಡಿಯವರು ವಾಚನ್ನು ಜೇಬಿನಲ್ಲೇ ಒತ್ತಿ, ಕೆಲಸಗಾರನಿಗೆ ತಿಳಿಯದಂತೆ ಅಳೆಯುತ್ತಿದ್ದರಂತೆ. ಇವರು ಕೆಲಸಗಾರನ ಹತ್ತಿರ ಹೋಗಿ, ಮನೆ ಮಕ್ಕಳ ಸಮಾಚಾರ ಕೇಳಿ, ಈಗ ಟೈಮ್ ನೋಡುತ್ತೇನೆ ಎಂದು ಹೇಳಿಯೇ ವಾಚು ತೆಗೆಯುತ್ತಿದ್ದರು. ಎರಡನೆಯದು ಅಲವೆನ್ಸ್. ಅಳೆದು ಬಂದ ಸಮಯಕ್ಕೆ ಕೊನೆಯಲ್ಲಿ ಒಂದಿಷ್ಟು ಸೇರಿಸುತ್ತಾರೆ, ಅದಕ್ಕೆ ಆ ಹೆಸರು. ಕೆಲಸಗಾರನಿಗೆ ದಣಿವಾಗುತ್ತದೆ, ನೀರು ಕುಡಿಯಬೇಕಾಗುತ್ತದೆ, ಬೋಲ್ಟು ಕೈಜಾರುತ್ತದೆ, ಬೆಳಿಗ್ಗೆ ಹೆಂಡತಿಯ ಜೊತೆ ಜಗಳವಾಗಿ ಮನಸ್ಸು ನೆಟ್ಟಗಿರುವುದಿಲ್ಲ. ಅದಕ್ಕೆಲ್ಲ ಬಿಟ್ಟುಕೊಡುವ ಸಮಯ ಅದು. ಹಾಳೆಯ ಕಟ್ಟಕಡೆಯ ಸಾಲಿನಲ್ಲಿ ಬರುತ್ತದೆ. ಹೊಸ ಎಂಜಿನಿಯರುಗಳು ಆ ಸಾಲನ್ನು ಅಸಡ್ಡೆ ಮಾಡಿದರೆ ಇವರಿಗೆ ಕೋಪ ಬರುತ್ತಿತ್ತು. "ಅಲವೆನ್ಸ್ ಹಾಕದ ಲೆಕ್ಕಾ ಮಷೀನಿಂದ್ರಿ, ಮನಶ್ಯಾರದ್ದಲ್ಲ" ಎನ್ನುತ್ತಿದ್ದರು.

ಆಮೇಲೆ ರಿಸೆಷನ್ ಬಂತು. ಕಾರು ಕಂಪನಿಗಳು ಜನರನ್ನು ಮನೆಗೆ ಕಳಿಸತೊಡಗಿದವು. ಫಾರ್ಮಿಂಗ್ಟನ್ ಹಿಲ್ಸ್‌ನ ಅವರೂ ನಾವೂ ಇದ್ದ ಬಡಾವಣೆಯಲ್ಲೇ ಮೂರು ಮನೆಗಳ ಮುಂದೆ ಮಾರಾಟದ ಬೋರ್ಡು ಬಿತ್ತು. ಅವರ ಕೆಲಸವೂ ಹೋಯಿತು. ಸುಮಾರು ಮೂರು ವರ್ಷ ಅಲ್ಲಿ ಇಲ್ಲಿ ಸಣ್ಣಪುಟ್ಟ ಕೆಲಸ ಮಾಡಿ, ಕೊನೆಗೆ ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಮಿಲಿಟರಿ ಲಾರಿಗಳಿಗೆ ಸೀಟು ಮಾಡಿಕೊಡುವ ಒಂದು ಕಂಪನಿ ಕಾಂಟ್ರ್ಯಾಕ್ಟ್ ಮೇಲೆ ತೆಗೆದುಕೊಂಡಿತು. ರಿಸೆಷನ್ ಮುಗಿಯಿತು ಎಂದು ಪೇಪರಿನವರು ಬರೆಯುತ್ತಿದ್ದರೂ ನಮ್ಮ ಕಡೆ ಯಾರೂ ಅದನ್ನು ನಂಬಿರಲಿಲ್ಲ. ನನ್ನ ಆಫೀಸು ವಾರೆನ್‌ನಲ್ಲಿ, ಅವರ ದಾರಿಯಲ್ಲೇ. ಹೀಗಾಗಿ ಇಬ್ಬರೂ ಒಂದೇ ಕಾರಿನಲ್ಲಿ ಹೋಗಲು ಶುರು ಮಾಡಿದೆವು.

ಆ ಕೆಲಸದ ಮೇಲೆ ಅವರ ಮನೆ ಪೂರ್ತಿ ಕಣ್ಣಿಟ್ಟು ಕೂತಿತ್ತು. ಅವರ ಹೆಂಡತಿ, ಅಂದರೆ ನಮ್ಮ ಆಂಟಿಯ ಎರಡೂ ಮಂಡಿ ಸವೆದುಹೋಗಿದ್ದವು. ಆಪರೇಷನ್ ಆಗಬೇಕು, ಆಗಬೇಕಾದರೆ ಇನ್ಶೂರೆನ್ಸ್ ಬೇಕು, ಇನ್ಶೂರೆನ್ಸ್ ಬರಬೇಕಾದರೆ ಕೆಲಸ ಪರ್ಮನೆಂಟ್ ಆಗಬೇಕು. ಜನವರಿಯಲ್ಲಿ ಮಾಡುತ್ತೇವೆ ಎಂದು ಮ್ಯಾನೇಜರ್ ಬಾಯಿಬಿಟ್ಟು ಹೇಳಿದ್ದ. ಆಂಟಿ ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಬಂದು ನಮಗೆ ಡಬ್ಬಿ ಕೊಡುತ್ತಿದ್ದರು. ಜನವರಿ ಬರಲಿ, ನಿಮ್ಮ ಕಾರಿನ ಹಿಂದೆ ಓಡುತ್ತೇನೆ ಎನ್ನುತ್ತಿದ್ದರು.

ಆ ಸೆಪ್ಟೆಂಬರಿನಲ್ಲಿ ದೂರದ ಅರಬ್ ದೇಶವೊಂದರಲ್ಲಿ ಅಮೆರಿಕದ ರಾಯಭಾರ ಕಚೇರಿಯವರ ಮೇಲೆ ದಾಳಿಯಾಯಿತು. ರಾಯಭಾರಿಯೂ ಸತ್ತರು. ಚುನಾವಣೆ ಬೇರೆ ಹತ್ತಿರವಿತ್ತು. ಸತ್ತವರ ಬಗ್ಗೆ ಎರಡು ದಿನ ಮರುಗಿದ ಟೀವಿಯವರು ಮೂರನೆಯ ದಿನದಿಂದ ಒಂದೇ ಪ್ರಶ್ನೆ ಹಿಡಿದುಕೊಂಡರು. ದಾಳಿ ನಡೆಯುತ್ತಿದ್ದಾಗ ಸೇನೆಯನ್ನು ಯಾಕೆ ಕಳಿಸಲಿಲ್ಲ? ಕಳಿಸಿದ್ದರೆ ವಿಮಾನ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿತ್ತೇ ಇಲ್ಲವೇ? ಮುಟ್ಟುತ್ತಿತ್ತು, ಬೇಕೆಂದೇ ಸುಮ್ಮನಿದ್ದರು ಎಂದು ಒಂದು ಪಕ್ಷ. ಮುಟ್ಟುತ್ತಿರಲಿಲ್ಲ, ಹೆಣದ ಮೇಲೆ ರಾಜಕೀಯ ಮಾಡುತ್ತಿದ್ದೀರಿ ಎಂದು ಇನ್ನೊಂದು.

ನಾನು ಮೊದಲನೆಯ ಕಡೆಯವನು. ಅದರ ಹಿಂದಿನ ವರ್ಷವಷ್ಟೇ ಸಿಟಿಜನ್ ಆಗಿದ್ದೆ, ಮೊದಲ ಸಲ ಓಟು ಹಾಕುವವನಿದ್ದೆ. ಹೊಸದಾಗಿ ಮಡಿ ಉಟ್ಟವನ ಥರ ಆಡುತ್ತಿದ್ದೆ ಎಂದು ನನ್ನ ಹೆಂಡತಿ ಈಗಲೂ ಛೇಡಿಸುತ್ತಾಳೆ. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ, ವಾದ ಎಂದರೆ ಊಟ ಬಿಟ್ಟು ಏಳುವವನು. ಎದುರು ಪಕ್ಷಕ್ಕೆ ನಮ್ಮ ಬಳಗದಲ್ಲೇ ಒಬ್ಬರು ಡಾಕ್ಟರಿದ್ದರು. ಬೆಂಗಳೂರಿನವರು, ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಅವರ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಭಾನುವಾರ ಮಧ್ಯಾಹ್ನ, ಮನೆಗೊಂದು ಅಡುಗೆ ಮಾಡಿ ತರುವ ಪಾಟ್‌ಲಕ್ ಊಟವಿತ್ತು. ಬಿಸಿಬೇಳೆಬಾತ್ ಆರಿ ಹೋಗುವ ತನಕ ನಾವಿಬ್ಬರೂ ಕಿರುಚಾಡಿದೆವು. ವಿಮಾನ ಏನು ಆಟೋನಾ, ಕೈ ತೋರಿಸಿದ ಕೂಡಲೇ ಬರೋಕೆ ಎಂದು ಅವರು. ನಿಮ್ಮ ಮಗ ಅಲ್ಲಿ ಸಿಕ್ಕಿಕೊಂಡಿದ್ರೆ ಹೀಗೆ ಮಾತಾಡ್ತಿದ್ರಾ ಎಂದು ನಾನು. ಡಾಕ್ಟರ ಮಗ ಮೂಲೆಯಲ್ಲಿ ಗಡ್ಡ ಕೆರೆದುಕೊಳ್ಳುತ್ತ ಫೋನ್ ನೋಡುತ್ತಿದ್ದ.

ನಮ್ಮ ವಾಚ್ ಅಂಕಲ್ ಒಂದು ತಟ್ಟೆ ಮೊಸರನ್ನ ಹಿಡಿದು ಸುಮ್ಮನೆ ಕೂತಿದ್ದರು. ಆ ದಿನಗಳಲ್ಲಿ ಟೀವಿಯಲ್ಲಿ ಆ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಯಾರಾದರೊಬ್ಬರು ಓರೆಗಣ್ಣಿನಿಂದ ಅವರನ್ನೊಮ್ಮೆ ನೋಡುತ್ತಿದ್ದರು. ನಾನೂ ನೋಡಿದ್ದೇನೆ, ಸುಳ್ಳೇಕೆ ಹೇಳಲಿ. ಒಮ್ಮೆ ಕಾರಿನಲ್ಲಿ, ನಿಮ್ಮ ಅಭಿಪ್ರಾಯ ಏನು ಸರ್, ಬಾಯೇ ಬಿಡೋದಿಲ್ವಲ್ಲ ಎಂದು ಕೆಣಕಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತ, "ನಾ ಏನ ಹೇಳಿದ್ರೂ ಅದು ನಾ ಹೇಳಿದ್ದಾಗೂದಿಲ್ರಿ. ನನ್ನ ಹೆಸರು ಹೇಳಿದ್ದಾಗ್ತೈತಿ" ಎಂದಿದ್ದರು. ಆಗ ಅದು ನನಗೆ ತಪ್ಪಿಸಿಕೊಳ್ಳುವವರ ಮಾತಿನಂತೆ ಕೇಳಿಸಿತ್ತು.

ಬೇಸ್‌ಮೆಂಟಿನಲ್ಲಿ ಅವರನ್ನು ನಡುವೆ ಎಳೆದದ್ದು ಡಾಕ್ಟರೋ ನಾನೋ, ಈಗ ನೆನಪಿಲ್ಲ. ಇದು ಹೊತ್ತಿನ ಪ್ರಶ್ನೆ ತಾನೇ, ಹೊತ್ತು ಅಳೆಯುವವರು ಇಲ್ಲೇ ಇದ್ದಾರಲ್ಲ, ಅವರೇ ಹೇಳಲಿ ಎಂದು ಯಾರೋ ಅಂದೆವು. ಇವರ ಮುಖದಲ್ಲಿ ಒಂದು ಆಸೆ ಕಾಣಿಸಿಕೊಂಡಿತು. ಪಕ್ಷದ ಪ್ರಶ್ನೆ ಕೇಳಿದಾಗ ಮುದುಡುತ್ತಿದ್ದವರು ಲೆಕ್ಕದ ಪ್ರಶ್ನೆ ಎಂದ ಕೂಡಲೇ ಅರಳಿದರು. ಅದರಲ್ಲಿ ಅವರ ಹೆಸರಿನ ಹಂಗಿರಲಿಲ್ಲ. ನೋಡೋಣ, ಕೂತು ಲೆಕ್ಕ ಮಾಡಿ ಹೇಳುತ್ತೇನೆ ಎಂದರು.

ಮುಂದಿನ ಎರಡು ವಾರ ನಮ್ಮ ಕಾರು ಆಫೀಸಾಯಿತು. ನಾನು ಡ್ರೈವ್ ಮಾಡುವುದು, ಅವರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಪೇಪರಿನ ಕಟಿಂಗುಗಳಿಂದ ಒಂದೊಂದೇ ಹೆಜ್ಜೆ ಬರೆಯುವುದು. ಮೊದಲ ಕರೆ ಬಂತು. ಯಾರೋ ಎತ್ತಿಕೊಂಡರು. ಮೇಲಿನವರಿಗೆ ತಿಳಿಸಿದರು. ಅವರು ಅವರ ಮೇಲಿನವರಿಗೆ. ಆಜ್ಞೆಯಾಯಿತು. ವಿಮಾನದವರು ಬಟ್ಟೆ ಹಾಕಿಕೊಂಡರು, ಎಣ್ಣೆ ತುಂಬಿಸಿಕೊಂಡರು, ಹಾರಿದರು. ಕೆಳಗೆ ಯಾವ ಕಟ್ಟಡ ನಮ್ಮದು, ಓಡುತ್ತಿರುವವರಲ್ಲಿ ಯಾರು ನಮ್ಮವರು ಎಂದು ಹುಡುಕಿದರು. ಅವರ ಲೆಕ್ಕದಲ್ಲಿ ವಿಮಾನ ಹಾರಲು ಶುರು ಮಾಡಿದ್ದು ಹಾಳೆಯ ಅರ್ಧ ಕಳೆದ ಮೇಲೆ. ನನಗೆ ತಾಳ್ಮೆ ಕೆಡುತ್ತಿತ್ತು. ಬೇಗ ಹಾರಿಸಿ ಸರ್ ಎಂದು ರೇಗುತ್ತಿದ್ದೆ.

ಒಂದು ಹೆಜ್ಜೆಯಲ್ಲಿ ಅವರು ಮೂರು ದಿನ ಸಿಕ್ಕಿಕೊಂಡರು. ಫೋನ್ ಎತ್ತಿಕೊಂಡವನು ಕೇಳಿದ್ದನ್ನು ನಂಬುವುದಕ್ಕೆ ಎಷ್ಟು ಹೊತ್ತು ಬೇಕು? ಕೇಳುವುದು ಬೇರೆ, ನಂಬುವುದು ಬೇರೆ ಎಂದು ಅವರ ವಾದ. ನಿಮ್ಮ ತಂದೆ ತೀರಿಕೊಂಡ ಸುದ್ದಿ ಮೈಸೂರಿನಿಂದ ಬಂದಾಗ ನಂಬುವುದಕ್ಕೆ ಎಷ್ಟು ಹೊತ್ತು ತೆಗೆದುಕೊಂಡಿರಿ ಎಂದು ನನ್ನನ್ನು ಕೇಳಿದರು. ನಾನು ಅವತ್ತು ಫೋನ್ ಇಟ್ಟು, ಹೋಗಿ ಕಾರು ತೊಳೆದಿದ್ದೆ. ಪೂರ್ತಿ ಕಾರು, ಚಕ್ರದ ಸಂದಿಯೂ ಸೇರಿ. ಹಾಗೆಂದು ಹೇಳಿದೆ. ಅವರು ಅದನ್ನು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡರು.

ಒಂದು ಶುಕ್ರವಾರ ನಮಾಜು ಮುಗಿಸಿ ಬಂದವರು ನನಗೆ ಹಾಳೆಯ ಒಂದು ಜೆರಾಕ್ಸ್ ಕೊಟ್ಟರು. ಎಲ್ಲ ಪೇಪರಿನವರು ಬರೆದ ಅಂದಾಜು, ಇದರ ಮೇಲೆ ಯಾರ ತಲೆಯನ್ನೂ ತೆಗೆಯಲಾಗದು ಎಂದರು. ನಾನು ನೇರ ಕೂಡಿದ ಮೊತ್ತಕ್ಕೆ ಹೋದೆ. ವಿಮಾನ ಮುಟ್ಟುತ್ತಿತ್ತು! ಸ್ವಲ್ಪವೇ ಮೊದಲು, ಆದರೂ ಮುಟ್ಟುತ್ತಿತ್ತು. ಸ್ಟೇರಿಂಗ್ ಮೇಲೆ ಗುದ್ದಿದೆ. ಅವರು ಬೆರಳಿನಿಂದ ಇನ್ನೂ ಕೆಳಗೆ ತೋರಿಸಿದರು. ಕಟ್ಟಕಡೆಯ ಸಾಲಿನಲ್ಲಿ ಅಲವೆನ್ಸ್ ಇತ್ತು. ಗಾಬರಿಗೆ, ನಿದ್ದೆಗೆ, ನಂಬದಿರುವುದಕ್ಕೆ, ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದಕ್ಕೆ. ಅದನ್ನು ಸೇರಿಸಿದರೆ ವಿಮಾನ ಮುಟ್ಟುತ್ತಿರಲಿಲ್ಲ.

"ಹಂಗಾದ್ರ ಯಾರದು ಖರೇ ಸರ್?" ಎಂದೆ, ಅವರ ಧಾಟಿಯಲ್ಲೇ.

"ಅದ ನನಗೂ ತಿಳೀವಲ್ದು ನೋಡ್ರಿ. ಇಬ್ಬರೂ ಅರ್ಧ ಹಾಳಿ ಓದ್ಯಾರ. ಕೆಳಗಿನ ಸಾಲು ಬಿಟ್ಟು ಈ ಹಾಳಿ ಯಾರಿಗೂ ತೋರಿಸಬ್ಯಾಡ್ರಿ."

ಭಾನುವಾರ ಬೆಳಿಗ್ಗೆ ಡಾಕ್ಟರು ಕನ್ನಡ ಕೂಟದ ಮೇಲಿಂಗ್ ಲಿಸ್ಟಿಗೆ ಒಂದು ಉದ್ದನೆಯ ಮೇಲ್ ಹಾಕಿದರು. ನನ್ನ ಹೆಸರು ಹೇಳದೆ, ಹೊಸದಾಗಿ ಬಾವುಟ ಹಿಡಿದವರಿಗೆ ಭೂಗೋಳವೂ ಗೊತ್ತಿಲ್ಲ ಎಂದಿದ್ದರು. ನನಗೆ ಮೈಯೆಲ್ಲ ಉರಿಯಿತು. ಬೇಸ್‌ಮೆಂಟಿಗೆ ಇಳಿದು ಸ್ಕ್ಯಾನರ್ ಹಾಕಿದೆ. ಹಾಳೆ ಮಗುಚಿಡುವ ಮುಂಚೆ ಒಂದು ಬಿಳಿ ಕಾಗದದ ಪಟ್ಟಿ ಕತ್ತರಿಸಿ ಕೆಳಗಿನ ಸಾಲಿನ ಮೇಲೆ ಇಟ್ಟೆ. ಆ ಕೆಲಸ ಮಾಡಿದ್ದು ನನ್ನ ಕೈ, ಕತ್ತರಿ ಎಲ್ಲಿದೆ ಎಂದು ಹೆಂಡತಿಯನ್ನು ಕೇಳಿದ್ದು ನನ್ನ ಬಾಯಿ. ತಿಳಿಯದೆ ಮಾಡಿದೆ ಎನ್ನಲು ಎಲ್ಲೂ ಜಾಗವಿಲ್ಲ. ಸ್ಟರ್ಲಿಂಗ್ ಹೈಟ್ಸ್‌ನಲ್ಲಿ ಮಿಲಿಟರಿ ಕೆಲಸ ಮಾಡುವ ನಮ್ಮವರೇ ಆದ ಎಂಜಿನಿಯರ್ ಲೆಕ್ಕ ಹಾಕಿದ್ದಾರೆ, ವಿಮಾನ ಮುಟ್ಟುತ್ತಿತ್ತು, ನೋಡಿಕೊಳ್ಳಿ ಎಂದು ಬರೆದೆ. ತೂಕ ಬರಲಿ ಎಂದು ಅವರ ಹೆಸರನ್ನು ಪೂರ್ತಿ ಹಾಕಿದೆ. ನನ್ನ ಹೆಸರಿನ ಹಾಗೆ ಅದೂ ಒಂದು ಹೆಸರು ಎಂದುಕೊಂಡಿದ್ದೆ. ಅಷ್ಟು ದಿನ ಅವರ ಪಕ್ಕದಲ್ಲಿ ಕೂತು ಓಡಾಡಿದವನಿಗೆ ಅಷ್ಟೂ ಹೊಳೆಯಲಿಲ್ಲ.

ಮೇಲ್ ಕನ್ನಡ ಕೂಟದಲ್ಲಿ ನಿಲ್ಲಲಿಲ್ಲ. ಯಾರೋ ಅದನ್ನು ಇನ್ಯಾರಿಗೋ ಕಳಿಸಿ, ಅದು ಎರಡೇ ದಿನದಲ್ಲಿ ಒಂದು ರಾಜಕೀಯ ಬ್ಲಾಗಿಗೆ ಏರಿತು. ಕೆಳಗೆ ಜನ ಬರೆದ ಕಾಮೆಂಟುಗಳಲ್ಲಿ ಲೆಕ್ಕದ ಬಗ್ಗೆ ಒಂದು ಮಾತೂ ಇರಲಿಲ್ಲ. ಈ ಹೆಸರಿನವನಿಗೆ ನಮ್ಮ ಸೇನೆಯ ನೆಲೆಗಳು ಎಷ್ಟು ದೂರದಲ್ಲಿವೆ ಎನ್ನುವ ಉಸಾಬರಿ ಯಾಕೆ ಎಂದು ಒಬ್ಬ. ಇವನನ್ನು ಮಿಲಿಟರಿ ಕೆಲಸಕ್ಕೆ ಇಟ್ಟುಕೊಂಡವರು ಯಾರು ಎಂದು ಇನ್ನೊಬ್ಬ. ಇವನು ನಮ್ಮ ಪರವಾಗಿಯೇ ಬರೆದಿದ್ದಾನಲ್ಲ ಎಂದು ಮೂರನೆಯವನು ಕೇಳಿದ್ದಕ್ಕೆ, ಅದೇ ಅನುಮಾನ ಎಂದು ನಾಲ್ಕನೆಯವನು. ಓದುತ್ತ ಓದುತ್ತ ನನಗೆ ನಾನು ಯಾವ ಕಡೆಯವನು ಎನ್ನುವುದೇ ಮರೆತುಹೋಯಿತು.

ಗುರುವಾರ ಅವರ ಕಂಪನಿಯಲ್ಲಿ ಇಬ್ಬರು ಅವರನ್ನು ಒಂದು ಕೋಣೆಯಲ್ಲಿ ಕೂರಿಸಿ ಮರ್ಯಾದೆಯಿಂದಲೇ ವಿಚಾರಿಸಿದರು. ಲೆಕ್ಕ ಯಾರಿಗಾಗಿ ಮಾಡಿದ್ದು, ಯಾವ ಪಕ್ಷ, ಊರಲ್ಲಿ ಯಾರಿದ್ದಾರೆ. ಇವರು ತಮ್ಮ ಮೂಲ ಹಾಳೆ ಒಯ್ದು ಕೆಳಗಿನ ಸಾಲು ತೋರಿಸಿದರಂತೆ, ನಾನು ಯಾರ ಕಡೆಯವನೂ ಅಲ್ಲ ಎಂದು. ಇದನ್ನು ನಿನ್ನೆ ಬರೆದು ಸೇರಿಸಿದ್ದಲ್ಲ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದು ಆ ಇಬ್ಬರು ಕೇಳಿದರಂತೆ.

ಶನಿವಾರ ಬೆಳಿಗ್ಗೆ ಇವರ ಫೋನ್ ಬಂತು. ಇಷ್ಟನ್ನೂ ಶಾಂತವಾಗಿ ಹೇಳಿದರು. ನನ್ನ ಮೇಲ್ ಬಗ್ಗೆ ಒಂದು ಆಕ್ಷೇಪಣೆಯ ಮಾತಿಲ್ಲ. ಆಮೇಲೆ ಕೇಳಿದರು:

"ಕೆಳಗಿನ ಸಾಲು ಯಾರು ತಗದ್ರು, ನಿಮಗೇನರ ಗೊತ್ತೈತೇನ್ರಿ? ನಾ ತಗದ್ನಿ ಅಂತ ಅವರು ಒಂದು ಚೀಟಿ ಬರದು ಕೊಟ್ರ ಸಾಕಿತ್ತು."

ಅಡುಗೆಮನೆಯಲ್ಲಿ ಹೆಂಡತಿ ತಿರುಗಿ ನನ್ನನ್ನೇ ನೋಡುತ್ತಿದ್ದಳು. ಒಂದು ಚೀಟಿ. ಅದನ್ನು ಬರೆದರೆ ಡಾಕ್ಟರ ಮುಂದೆ, ಇಡೀ ಕೂಟದ ಮುಂದೆ ನಾನು ಸುಳ್ಳ. ಮಿಲಿಟರಿಗೆ ಸಂಬಂಧಿಸಿದ ತನಿಖೆಯಲ್ಲಿ ನನ್ನ ಹೆಸರು. ನಾಳೆ ನನ್ನ ಆಫೀಸಿನಲ್ಲೂ ಒಂದು ಕೋಣೆ, ಇಬ್ಬರು ಜನ. ಇಷ್ಟೆಲ್ಲ ತಲೆಯಲ್ಲಿ ಹಾದುಹೋಯಿತು.

"ಗೊತ್ತಿಲ್ಲ ಸರ್. ಫಾರ್ವರ್ಡ್ ಆಗ್ತಾ ಆಗ್ತಾ ಯಾರೋ ಕಟ್ ಮಾಡಿರ್ಬೇಕು."

ಇರಬಹುದು ಎಂದು ಹೇಳಿ ಅವರು ಫೋನ್ ಇಟ್ಟರು.

ಹೋಗಿ ಹೇಳಿಬನ್ನಿ, ಹತ್ತು ಮನೆ ಆಚೆ ಇದ್ದಾರೆ ಎಂದಳು ಹೆಂಡತಿ. ನಾಳೆ ಹೋಗುತ್ತೇನೆ ಎಂದೆ. ಸೋಮವಾರ ಎಂದಿನಂತೆ ಅವರನ್ನು ಕಾರಿಗೆ ಹತ್ತಿಸಿಕೊಂಡೆ. ಅವರು ಚಳಿಯ ಬಗ್ಗೆ ಮಾತಾಡಿದರು. ದಿನವೂ ಹೊರಟ ಕೂಡಲೇ ಸಿಗುವ ಆರ್ಚರ್ಡ್ ಲೇಕ್ ರಸ್ತೆಯ ಎಕ್ಸಿಟ್ ಹತ್ತಿರ ಹೇಳಿಬಿಡೋಣ ಎಂದುಕೊಳ್ಳುವುದು, ಅಷ್ಟರಲ್ಲಿ ಅವರು ಇಳಿಯುವ ಮೌಂಡ್ ರೋಡ್ ಬಂದುಬಿಡುವುದು. ಚುನಾವಣೆ ಬಂದು ಹೋಯಿತು. ನಾನು ಓಟು ಹಾಕಿ ಬಂದೆ. ಯಾರಿಗೆ ಹಾಕಿದೆ ಎಂದು ಇವತ್ತಿಗೂ ಯಾರಿಗೂ ಹೇಳಿಲ್ಲ, ಹೇಳುವಷ್ಟು ಖಾತ್ರಿಯೂ ನನಗಿಲ್ಲ.

ಜನವರಿಯಲ್ಲಿ ಅವರ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ಅದೇ ವಾರ ಆ ಕಂಪನಿ ಇನ್ನೂ ಹಲವರನ್ನು ಮನೆಗೆ ಕಳಿಸಿತು, ಆರ್ಡರ್ ಕಮ್ಮಿಯಾಗಿದೆ ಎಂದು. ಅವರ ಕೆಲಸ ಹೋದದ್ದು ನನ್ನಿಂದಲೋ ರಿಸೆಷನ್ನಿನ ಬಾಲದಿಂದಲೋ? ನಾನು ಎಷ್ಟೋ ದಿನ ಆ ಹಲವರಿಗೆ ಜೋತುಬಿದ್ದು ಬದುಕಿದೆ. ಅವರೆಲ್ಲರ ಕೆಲಸ ಹೋದದ್ದರಿಂದ ನನಗೆ ಸಮಾಧಾನವಾಗುತ್ತಿತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗುತ್ತಿತ್ತು.

ವಸಂತದಲ್ಲಿ ಅವರು ಮನೆ ಮಾರಿ ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿದ್ದ ಮಗಳ ಮನೆಗೆ ಹೊರಟರು. ಟ್ರಕ್ಕಿಗೆ ಸಾಮಾನು ತುಂಬಲು ನಾನೂ ಹೋಗಿದ್ದೆ, ಡಾಕ್ಟರೂ ಬಂದಿದ್ದರು. ಇಬ್ಬರೂ ಒಂದೇ ಸೋಫಾದ ಎರಡು ತುದಿ ಹಿಡಿದು ಬಾಗಿಲಲ್ಲಿ ಸಿಕ್ಕಿಹಾಕಿಕೊಂಡೆವು. ಇವರು ವಾಚು ತೆಗೆದು, ಟೈಮ್ ನೋಡಾಕತ್ತೀನ್ರಿ ಎಂದು ಹೇಳಿ ಒತ್ತಿದರು. ಎಲ್ಲರೂ ನಕ್ಕೆವು. ಆಂಟಿ ಕಾರಿನ ಸೀಟಿನಲ್ಲಿ ಆಗಲೇ ಕೂತಿದ್ದರು. ಕೈ ಹಿಡಿದು ಕೂರಿಸುವುದಕ್ಕೇ ಇಬ್ಬರು ಬೇಕಾಗಿತ್ತು.

ನಾನು ನೇಪರ್‌ವಿಲ್‌ಗೆ ಹೋದದ್ದು ಅವರು ಕೇಳಿದ ಆ ಫೋನಿಗೆ ಎರಡು ವರ್ಷ ತುಂಬಿದ ಮೇಲೆ. ಆಫೀಸಿನ ಕೆಲಸದ ನೆಪ ಮಾಡಿಕೊಂಡಿದ್ದೆ. ಮುನ್ನೂರು ಮೈಲಿಗೆ ಸ್ವಲ್ಪ ಕಮ್ಮಿ. ಕಾರಿನಲ್ಲಿ ಒಬ್ಬನೇ ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದೆ. ಕನ್ನಡದಲ್ಲಿ ಹೇಳಿದರೆ ಅತಿಯಾಯಿತು ಅನ್ನಿಸುತ್ತಿತ್ತು, ಇಂಗ್ಲಿಷಿನಲ್ಲಿ ಹೇಳಿದರೆ ಏನೂ ಹೇಳಲಿಲ್ಲ ಅನ್ನಿಸುತ್ತಿತ್ತು.

ಬಾಗಿಲು ತೆರೆದದ್ದು ಅವರೇ. ತೆಳ್ಳಗಾಗಿದ್ದರು. ಮಗಳು ಕೆಲಸಕ್ಕೆ ಹೋಗಿದ್ದಳು. ಆಂಟಿ ವಾಕರ್ ತಳ್ಳಿಕೊಂಡು ಬಂದು ನನ್ನ ಮಕ್ಕಳನ್ನು ಒಬ್ಬೊಬ್ಬರಾಗಿ ವಿಚಾರಿಸಿ, ಮಂಡಿಗೆ ಬಿಸಿನೀರು ಇಟ್ಟುಕೊಳ್ಳಬೇಕು ಎಂದು ಒಳಗೆ ಹೋದರು. ಆಪರೇಷನ್ ಆಗಿರಲಿಲ್ಲ. ವಯಸ್ಸಾದವರಿಗೆ ಸಿಗುವ ಸರ್ಕಾರಿ ಇನ್ಶೂರೆನ್ಸ್ ಬರುವ ತನಕ ಕಾಯುತ್ತಿದ್ದೇವೆ ಎಂದರು ಇವರು. ಅವರು ಚಹಾಕ್ಕೆ ನೀರಿಟ್ಟು, ಪುಡಿ ಹಾಕಿ, ವಾಚು ಒತ್ತಿ ಮೇಜಿನ ಮೇಲಿಟ್ಟರು. ಅವರ ಚಹಾಕ್ಕೆ ನಾಲ್ಕು ನಿಮಿಷ ಪೂರ್ತಿ ಆಗಬೇಕು.

ನಾನು ಅಭ್ಯಾಸ ಮಾಡಿದ್ದೆಲ್ಲ ಮರೆತುಹೋಗಿತ್ತು. ಅವರೇ ಮಾತು ತೆಗೆದರು.

"ನಿಮಗೊಂದು ಮಾಫಿ ಕೇಳೂದೈತ್ರಿ. ಭಾಳ ದಿನದಿಂದ ಮನಸಿನ್ಯಾಗ ಉಳದೈತಿ."

ನಾನು ಕಕ್ಕಾಬಿಕ್ಕಿಯಾದೆ. ನನ್ನ ಮಾತನ್ನು ಅವರು ಹೇಳುತ್ತಿದ್ದರು.

"ಜಲ್ಮದಾಗ ಯಾರ್ದೂ ಕದ್ದು ಟೈಮ್ ನೋಡಿಲ್ರಿ. ನಿಮ್ಮದೊಂದ ನೋಡಿಬಿಟ್ನಿ. ಅವತ್ತು ಫೋನ್ ಮಾಡಿದಾಗ ಹಿಂಗ ಚಾ ಇಟ್ಟಿದ್ನಿ, ವಾಚ್ ಕೈಯಾಗಿತ್ತು. ಸಾಲು ಯಾರು ತಗದ್ರು ಅಂತ ಕೇಳಿ ಒತ್ತಿಬಿಟ್ನಿ. ಈ ವಾಚಿನ ಹದಿನೈದು ಭಾಗ ತಗೊಂಡ್ರಿ ನೀವು. ನಿಮ್ಮ ಲೆಕ್ಕದಾಗ ಒಂಬತ್ತು ಸೆಕೆಂಡ್." ಆಮೇಲೆ ಹೇಳಿದರು, "ಗೊತ್ತಿಲ್ಲ ಅನ್ನಾಕ ಅಷ್ಟು ಬೇಕಾಗೂದಿಲ್ರಿ."

ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನಾನು ಎಲ್ಲ ಹೇಳಿದೆ. ಕತ್ತರಿ, ಬಿಳಿ ಪಟ್ಟಿ, ಸ್ಕ್ಯಾನರ್, ಹೆಂಡತಿ ಹೇಳಿದ್ದು, ದಿನಾ ಮೌಂಡ್ ರೋಡ್ ಬಂದುಬಿಡುತ್ತಿದ್ದದ್ದು. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ನೆನಪಿಲ್ಲ. ಅವರು ನನ್ನನ್ನು ನೋಡದೆ ವಾಚನ್ನೇ ನೋಡುತ್ತಿದ್ದರು. ನಾಲ್ಕು ನಿಮಿಷವಾದ ಕೂಡಲೇ ಎದ್ದು ಹೋಗಿ ಸೋಸಿದರು, ಎರಡು ಕಪ್ಪಿನಲ್ಲಿ ತಂದರು. ನನ್ನ ಕಪ್ಪಿಗೆ ಸಕ್ಕರೆ ಒಂದೂವರೆ ಚಮಚ, ಅದು ಅವರಿಗೆ ಮರೆತಿರಲಿಲ್ಲ.

ಕೋಪ ಮಾಡಿಕೊಳ್ಳುತ್ತಾರೆಂದು ಕಾದೆ. ಕ್ಷಮಿಸುತ್ತಾರೆಂದೂ ಕಾದೆ. ಎರಡೂ ಬರಲಿಲ್ಲ. ಕೊನೆಗೆ ನಾನೇ, ನಾಚಿಕೆ ಬಿಟ್ಟು, ಅವರ ಕಸುಬಿನ ಮಾತಿನಲ್ಲೇ ಕೇಳಿದೆ.

"ನನಗೂ ಒಂದಿಷ್ಟು ಅಲವೆನ್ಸ್ ಹಾಕ್ತೀರಾ ಸರ್?"

"ಆ ಒಂಬತ್ತು ಸೆಕೆಂಡಿಗೆ ಅವತ್ತ ಹಾಕೀನ್ರಿ. ಅಂಜಿಕಿಗೆ ಹಾಕಬೇಕು, ಹಾಕೀನಿ" ಎಂದರು. ಕಪ್ಪು ಕೆಳಗಿಟ್ಟರು. "ಆಮ್ಯಾಲಿನ ಎರಡು ವರ್ಷಕ್ಕ ಹ್ಯಾಂಗ ಹಾಕೂದು? ಗೊತ್ತಿಲ್ರಿ."

ಆ ಗೊತ್ತಿಲ್ಲ ಎನ್ನಲು ಅವರು ಒಂದು ಸೆಕೆಂಡನ್ನೂ ತೆಗೆದುಕೊಳ್ಳಲಿಲ್ಲ.